ಜಠರದಲ್ಲೇ ಕಳೆದುಹೋದ ಐದು ಗಂಟೆ: ಅಪೂರ್ಣವಾಗಿ ನಿಂತ ಒಂದು ಕ್ಯಾಪ್ಸೂಲ್ ಎಂಡೋಸ್ಕೋಪಿಯ ಪ್ರಕರಣ ಅಧ್ಯಯನ

ರೋಗಿ ಮತ್ತು ಹಿನ್ನೆಲೆ

61 ವರ್ಷದ ಈ ಮಹಿಳೆ ಮಲೆನಾಡಿನ ಅಡಿಕೆ ಬೆಳೆಗಾರರ ಮನೆಯವರು. ಸಕ್ಕರೆ ಕಾಯಿಲೆ ಬಂದು 17 ವರ್ಷವಾಗಿತ್ತು. ಮಂಡಿನೋವಿಗೆಂದು ಎರಡು ವರ್ಷಗಳಿಂದ ಟ್ರಾಮಡಾಲ್ ಮಾತ್ರೆಯನ್ನು ದಿನಕ್ಕೆರಡು ಬಾರಿ ತೆಗೆದುಕೊಳ್ಳುತ್ತಿದ್ದರು. ಅಂಗಳದಿಂದ ಜಗಲಿಗೆ ಹತ್ತುವ ಮೂರು ಮೆಟ್ಟಿಲಿಗೇ ಏದುಸಿರು ಬರತೊಡಗಿತು. ಮಲ ಡಾಂಬರಿನಂತೆ ಕಪ್ಪಾಗಿ ಹೋಗುತ್ತಿದೆಯೆಂದು ಮಗನಿಗೆ ಹೇಳಿದ ಮೇಲೆ ಆತ ನಮ್ಮಲ್ಲಿಗೆ ಕರೆತಂದ. ಹಿಮೋಗ್ಲೋಬಿನ್ 6.8 ಗ್ರಾಂ ಇತ್ತು, ದೇಹದ ಕಬ್ಬಿಣದ ದಾಸ್ತಾನನ್ನು ಸೂಚಿಸುವ ಫೆರಿಟಿನ್ ತೀರಾ ಕೆಳಗಿಳಿದಿತ್ತು. ಎರಡು ಯೂನಿಟ್ ರಕ್ತ ಕೊಟ್ಟೆವು. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಲ್ಲಿ ರಕ್ತಹೀನತೆ ಕಂಡರೆ ಕೊಕ್ಕೆಹುಳುವನ್ನು ಮರೆಯಬಾರದೆಂಬ ಹಳೆಯ ಪಾಠದಂತೆ ಮಲಪರೀಕ್ಷೆ ಮಾಡಿಸಿ, ಅದರಲ್ಲಿ ಏನೂ ಸಿಗದಿದ್ದರೂ ಹುಳುವಿನ ಔಷಧವಾದ ಆಲ್ಬೆಂಡಜೋಲ್ ಕೊಟ್ಟೆವು.

ಬಾಯಿಯಿಂದ ಹಾಯಿಸಿದ ಎಂಡೋಸ್ಕೋಪಿಯಲ್ಲಿ ಅನ್ನನಾಳ, ಜಠರ ಮತ್ತು ಸಣ್ಣ ಕರುಳಿನ ಆರಂಭದ ಭಾಗ ಸರಿಯಾಗಿದ್ದವು. ಕೊಲೊನೋಸ್ಕೋಪಿ ದೊಡ್ಡ ಕರುಳನ್ನು ಪೂರ್ತಿ ದಾಟಿ ಸಣ್ಣ ಕರುಳಿನ ತುದಿಯ ಕೆಲವು ಸೆಂಟಿಮೀಟರ್‌ವರೆಗೆ ಹೋಗಿತ್ತು. ಅಲ್ಲಿಯೂ ರಕ್ತದ ಮೂಲವಿರಲಿಲ್ಲ. ಕರುಳಿಗೆಂದೇ ಮಾಡುವ ಸಿಟಿ ಸ್ಕ್ಯಾನ್‌ನಲ್ಲಿ ಗೆಡ್ಡೆಯಾಗಲಿ, ಕಿರಿದಾದ ಜಾಗವಾಗಲಿ ಕಾಣಲಿಲ್ಲ. ಉಳಿದದ್ದು ಈ ಎರಡು ತುದಿಗಳ ನಡುವಿನ ಹಲವು ಮೀಟರ್ ಉದ್ದದ ಸಣ್ಣ ಕರುಳು. ಅಲ್ಲಿಗೆ ಸಾಮಾನ್ಯ ಎಂಡೋಸ್ಕೋಪ್ ತಲುಪುವುದಿಲ್ಲ.

ಆ ಜಾಗವನ್ನು ನೋಡಲೆಂದೇ ಹುಟ್ಟಿದ ಸಾಧನ ಕ್ಯಾಪ್ಸೂಲ್ ಎಂಡೋಸ್ಕೋಪಿ. ಕ್ಷಿಪಣಿಗಳ ಚಿತ್ರಗ್ರಹಣ ತಂತ್ರಜ್ಞಾನದಲ್ಲಿ ಪಳಗಿದ್ದ ಇಸ್ರೇಲಿನ ಎಂಜಿನಿಯರ್ ಗೇವ್ರಿಯೆಲ್ ಇಡಾನ್ ಮತ್ತು ಲಂಡನ್ನಿನ ವೈದ್ಯ ಪಾಲ್ ಸ್ವೇನ್ ಬೇರೆ ಬೇರೆಯಾಗಿ ಇದೇ ಯೋಚನೆಯಲ್ಲಿ ತೊಡಗಿದ್ದು, ನಂತರ ಒಂದಾಗಿ ಕೆಲಸ ಮಾಡಿ 2000ದಲ್ಲಿ ಅದರ ಮೊದಲ ವರದಿಯನ್ನು ಪ್ರಕಟಿಸಿದರು. 2001ರಲ್ಲಿ ಅದು ಅಮೆರಿಕದಲ್ಲಿ ಬಳಕೆಗೆ ಅನುಮತಿ ಪಡೆಯಿತು. ಸುಮಾರು 26 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ದಪ್ಪದ ಗುಳಿಗೆಯೊಳಗೆ ಕ್ಯಾಮೆರಾ, ದೀಪ, ಬ್ಯಾಟರಿ ಮತ್ತು ಪ್ರಸಾರಕ ಇರುತ್ತವೆ. ರೋಗಿ ಅದನ್ನು ನೀರಿನೊಂದಿಗೆ ನುಂಗುತ್ತಾರೆ, ಸೊಂಟದ ಸುತ್ತಲಿನ ಬೆಲ್ಟ್ ಚಿತ್ರಗಳನ್ನು ಹಿಡಿದು ರೆಕಾರ್ಡರಿಗೆ ಕಳಿಸುತ್ತದೆ. ಆದರೆ ಈ ಗುಳಿಗೆಗೆ ತಾನಾಗಿ ಚಲಿಸುವ ಶಕ್ತಿಯಿಲ್ಲ. ಕರುಳು ಎಷ್ಟು ವೇಗವಾಗಿ ತಳ್ಳುತ್ತದೆಯೋ ಅಷ್ಟೇ ಅದರ ವೇಗ. ಬ್ಯಾಟರಿ ಮುಗಿಯುವ ಮೊದಲು ಅದು ದೊಡ್ಡ ಕರುಳಿನ ಆರಂಭವಾದ ಸೀಕಮ್ಮನ್ನು ತಲುಪಿದರೆ ಮಾತ್ರ ಪರೀಕ್ಷೆ ಪೂರ್ಣವಾಯಿತೆನ್ನುತ್ತೇವೆ.

ಮೊದಲ ಪರೀಕ್ಷೆ

ಆಕೆ ಒಳರೋಗಿಯಾಗಿದ್ದಾಗಲೇ, ರಕ್ತ ಕೊಟ್ಟ ಮೂರನೆಯ ದಿನ ಪರೀಕ್ಷೆ ನಡೆಯಿತು. ರಕ್ತಸ್ರಾವದ ಸಮಯಕ್ಕೆ ಎಷ್ಟು ಹತ್ತಿರವಾಗಿ ಕ್ಯಾಪ್ಸೂಲ್ ಕೊಟ್ಟರೆ ಮೂಲ ಸಿಗುವ ಸಾಧ್ಯತೆ ಅಷ್ಟು ಹೆಚ್ಚು ಎಂಬುದು ನಿಜವಾದ್ದರಿಂದ ಆ ಆತುರದಲ್ಲಿ ತಪ್ಪೇನೂ ಇರಲಿಲ್ಲ. ಬೆಳಿಗ್ಗೆ 9:10ಕ್ಕೆ ಗುಳಿಗೆ ನುಂಗಿದರು, ಹಾಸಿಗೆಗೆ ಮರಳಿ ಮಲಗಿದರು. ಎರಡು ಗಂಟೆಯ ನಂತರ ಎಳನೀರು, ನಾಲ್ಕು ಗಂಟೆಯ ನಂತರ ಎರಡು ಇಡ್ಲಿ ಕೊಡಲಾಯಿತು. ಸಂಜೆ 5:24ಕ್ಕೆ ಪ್ರಸಾರ ನಿಂತಿತು, ಸಿಬ್ಬಂದಿ ಬೆಲ್ಟ್ ಬಿಚ್ಚಿದರು.

ಮರುದಿನ ಚಿತ್ರಗಳನ್ನು ಓದಿದಾಗ ಕಂಡದ್ದಿಷ್ಟು. ಗುಳಿಗೆ ಜಠರದಿಂದ ಹೊರಬಿದ್ದದ್ದು ಮಧ್ಯಾಹ್ನ 2:02ಕ್ಕೆ, ಅಂದರೆ ನುಂಗಿದ 4 ಗಂಟೆ 52 ನಿಮಿಷದ ನಂತರ. ಸಾಮಾನ್ಯವಾಗಿ ಈ ಹಂತ ಒಂದು ಗಂಟೆಯೊಳಗೆ ಮುಗಿಯುತ್ತದೆ. ಎಂಟು ಗಂಟೆ ಬಾಳುವ ಬ್ಯಾಟರಿಯಲ್ಲಿ ಸಣ್ಣ ಕರುಳಿಗೆ ಉಳಿದದ್ದು 3 ಗಂಟೆ 22 ನಿಮಿಷ ಮಾತ್ರ. ಕೊನೆಯ ಚಿತ್ರಗಳಲ್ಲಿ ಗುಳಿಗೆ ಇನ್ನೂ ಸಣ್ಣ ಕರುಳಿನಲ್ಲೇ ಇತ್ತು, ಸುತ್ತಲೂ ಹಸಿರುಕಪ್ಪು ದ್ರವ ಮತ್ತು ನೊರೆ ತುಂಬಿದ್ದರಿಂದ ಕೊನೆಯ ಅರ್ಧ ಗಂಟೆಯಲ್ಲಿ ಒಳಪದರ ಸ್ಪಷ್ಟವಾಗಿ ಕಂಡದ್ದು ಅಲ್ಲೊಂದು ಇಲ್ಲೊಂದು ಚೌಕಟ್ಟಿನಲ್ಲಷ್ಟೆ.

ನಮ್ಮ ವರದಿಯಲ್ಲಿ "ಸೀಕಮ್ ತಲುಪಿಲ್ಲ, ಕಂಡಷ್ಟು ಭಾಗದಲ್ಲಿ ರಕ್ತದ ಮೂಲ ಕಾಣಿಸಿಲ್ಲ" ಎಂದು ಸರಿಯಾಗಿಯೇ ಬರೆದಿತ್ತು. ಬಿಡುಗಡೆಯ ಪತ್ರಕ್ಕೆ ಅದು ಇಳಿಯುವಾಗ "ಕ್ಯಾಪ್ಸೂಲ್ ಎಂಡೋಸ್ಕೋಪಿ: ನಾರ್ಮಲ್" ಆಯಿತು. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ಹಲವು ಪರೀಕ್ಷೆಗಳ ಫಲಿತಾಂಶವನ್ನು ಒಂದೊಂದು ಸಾಲಿಗೆ ಇಳಿಸುವ ಆತುರದಲ್ಲಿ "ಕಂಡಷ್ಟು ಭಾಗದಲ್ಲಿ" ಎಂಬ ಮಾತು ಉದುರಿಹೋಯಿತು. ಆದರೆ ಈ ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಗುಳಿಗೆ ಜಠರದಲ್ಲಿ ನಿಂತದ್ದಲ್ಲ, ಆ ಎರಡು ಪದ ಬಿಟ್ಟುಹೋದದ್ದು. ಊರಿನ ವೈದ್ಯರು ಆ ಪತ್ರವನ್ನು ನಂಬಿ, ಸಣ್ಣ ಕರುಳಿನಲ್ಲಿ ದೋಷವಿಲ್ಲವೆಂದು ತಿಳಿದು, ಕಬ್ಬಿಣದ ಮಾತ್ರೆ ಕೊಟ್ಟು ಕಾದರು. ಏಳು ವಾರಗಳ ನಂತರ ಹಿಮೋಗ್ಲೋಬಿನ್ 7.1ಕ್ಕೆ ಕುಸಿದು ಆಕೆ ಮರಳಿ ಬಂದರು.

ಎಲ್ಲಿ ತಡವಾಯಿತು, ಏಕೆ ತಡವಾಯಿತು

ಅಪೂರ್ಣ ಪರೀಕ್ಷೆ ಅಪರೂಪದ್ದಲ್ಲ. 2010ರಲ್ಲಿ ಪ್ರಕಟವಾದ, ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕ್ಯಾಪ್ಸೂಲ್ ಪರೀಕ್ಷೆಗಳನ್ನು ಒಟ್ಟುಗೂಡಿಸಿದ ವಿಮರ್ಶೆಯಲ್ಲಿ ಪೂರ್ಣಗೊಂಡವು 83.5 ಶೇಕಡ. ಅಂದರೆ ಸರಿಸುಮಾರು ಆರರಲ್ಲಿ ಒಂದು ಪರೀಕ್ಷೆ ಕೊನೆ ಮುಟ್ಟುವುದಿಲ್ಲ. ಗುಳಿಗೆ ಕರುಳಿನಲ್ಲೇ ಸಿಕ್ಕಿಕೊಂಡದ್ದು ಅದೇ ವಿಮರ್ಶೆಯಲ್ಲಿ 1.4 ಶೇಕಡ. ಇವೆರಡನ್ನೂ ಒಂದೆಂದು ತಿಳಿಯುವವರು ವೈದ್ಯರಲ್ಲೂ ಇದ್ದಾರೆ. ಸಿಕ್ಕಿಕೊಳ್ಳುವುದೆಂದರೆ ಎರಡು ವಾರ ಕಳೆದರೂ ಗುಳಿಗೆ ಹೊರಬಾರದಿರುವುದು. ಅದು ಕರುಳು ಕಿರಿದಾಗಿರುವುದರ ಲಕ್ಷಣ, ಕ್ಷಯ ಮತ್ತು ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಕಾಯಿಲೆಗಳಲ್ಲಿ ಹೆಚ್ಚು ಭಯಪಡಬೇಕಾದದ್ದು. ಅಪೂರ್ಣವಾಗುವುದು ಬಹುಪಾಲು ಸಮಯದ ಕೊರತೆ: ಗುಳಿಗೆ ಹೊರಗೆ ಬರುತ್ತದೆ, ಆದರೆ ಕಣ್ಣು ಮುಚ್ಚಿದ ಮೇಲೆ ಬರುತ್ತದೆ.

ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನ ವೈದ್ಯರು 2009ರಲ್ಲಿ ಪರೀಕ್ಷೆ ಅಪೂರ್ಣವಾಗಲು ಕಾರಣವಾಗುವ ನಾಲ್ಕು ಸಂಗತಿಗಳನ್ನು ಗುರುತಿಸಿದರು. ಹಿಂದೆ ಸಣ್ಣ ಕರುಳಿನ ಶಸ್ತ್ರಚಿಕಿತ್ಸೆ ಆಗಿರುವುದು, ಒಳರೋಗಿಯಾಗಿರುವುದು, ಕರುಳು ಸರಿಯಾಗಿ ಸ್ವಚ್ಛವಾಗದಿರುವುದು, ಗುಳಿಗೆ ಜಠರದಲ್ಲಿ 45 ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು. ನಮ್ಮ ರೋಗಿಯಲ್ಲಿ ಮೊದಲನೆಯದನ್ನು ಬಿಟ್ಟು ಮೂರೂ ಇದ್ದವು. ಒಳರೋಗಿ ಎಂಬುದನ್ನು ಅಷ್ಟಕ್ಕೇ ಬಿಡದೆ ಬಿಡಿಸಿ ನೋಡಬೇಕೆಂಬುದು ನನ್ನ ಅಭಿಪ್ರಾಯ. ಆಸ್ಪತ್ರೆಯ ಹಾಸಿಗೆ ತಾನಾಗಿ ಕರುಳನ್ನು ನಿಧಾನಗೊಳಿಸುವುದಿಲ್ಲ. ಅದರ ಮೇಲೆ ದಿನವಿಡೀ ಮಲಗಿರುವುದು, ನೋವಿನ ಔಷಧ, ಏರುಪೇರಾದ ಸಕ್ಕರೆ, ಕಾಯಿಲೆಯ ತೀವ್ರತೆ ಇವು ನಿಧಾನಗೊಳಿಸುತ್ತವೆ, ಮತ್ತು ಇವುಗಳಲ್ಲಿ ಹೆಚ್ಚಿನವನ್ನು ಬದಲಿಸಲು ಬರುತ್ತದೆ.

ಹಳೆಯ ಕಡತವನ್ನು ತೆರೆದು ಆ ದಿನದ ಒಂದೊಂದು ದಾಖಲೆಯನ್ನೂ ಗಂಟೆಗಳ ಪ್ರಕಾರ ಜೋಡಿಸಿದೆವು. ಗುಳಿಗೆ ನುಂಗುವ ಮುಂಚಿನ ರಕ್ತದ ಸಕ್ಕರೆ ಡೆಸಿಲೀಟರಿಗೆ 268 ಮಿಲಿಗ್ರಾಂ ಇತ್ತು. ಸಕ್ಕರೆ ಏರಿದಾಗ ಜಠರ ಖಾಲಿಯಾಗುವುದು ನಿಧಾನವಾಗುತ್ತದೆ. ಹದಿನೇಳು ವರ್ಷದ ಕಾಯಿಲೆಯಿಂದ ಜಠರದ ನರಗಳು ಈಗಾಗಲೇ ಸೋತಿದ್ದರೆ ಇನ್ನೂ ನಿಧಾನ. ಊಟ ಮಾಡಿ ಗಂಟೆಗಳಾದರೂ ಹೊಟ್ಟೆ ಭಾರವೆನಿಸುತ್ತದೆಯೇ ಎಂದು ಕೇಳಿದಾಗ ಆಕೆ, "ಮಧ್ಯಾಹ್ನ ಉಂಡಿದ್ದು ರಾತ್ರಿವರೆಗೂ ಎದೆಯ ಕೆಳಗೇ ಕೂತಿರತ್ತೆ ಡಾಕ್ಟ್ರೇ, ವರ್ಷಗಳಾಯ್ತು" ಎಂದರು. ಈ ಪ್ರಶ್ನೆಯನ್ನು ಮೊದಲ ಸಲ ಯಾರೂ ಕೇಳಿರಲಿಲ್ಲ. ಟ್ರಾಮಡಾಲ್ ಪರೀಕ್ಷೆಯ ಬೆಳಿಗ್ಗೆಯೂ ಕೊಟ್ಟಿತ್ತು. ಅಫೀಮಿನ ವರ್ಗಕ್ಕೆ ಸೇರಿದ ಔಷಧಗಳೆಲ್ಲ ಜಠರವನ್ನೂ ಕರುಳನ್ನೂ ಮಂದಗೊಳಿಸುತ್ತವೆ. ಇತ್ತೀಚೆಗೆ ಸಕ್ಕರೆ ಕಾಯಿಲೆಗೂ ತೂಕ ಇಳಿಸಲೂ ಬಳಸುತ್ತಿರುವ ಸೆಮಗ್ಲುಟೈಡ್‌ನಂಥ ಚುಚ್ಚುಮದ್ದುಗಳು ಸಹ ಜಠರವನ್ನು ನಿಧಾನಗೊಳಿಸುತ್ತವೆ. ಈಕೆ ಅದನ್ನು ತೆಗೆದುಕೊಳ್ಳುತ್ತಿರಲಿಲ್ಲವಾದರೂ ಇನ್ನು ಮುಂದೆ ಪ್ರತಿ ರೋಗಿಯಲ್ಲೂ ಕೇಳಲೇಬೇಕಾದ ಸಂಗತಿಯದು. ರಕ್ತ ಕೊಟ್ಟ ದಿನವೇ ಆರಂಭಿಸಿದ್ದ ಕಬ್ಬಿಣದ ಮಾತ್ರೆ ಕರುಳಿನ ದ್ರವವನ್ನು ಕಪ್ಪಾಗಿಸಿತ್ತು.

ಎಲ್ಲಕ್ಕಿಂತ ದೊಡ್ಡ ಲೋಪ ಮತ್ತೊಂದು. ರೆಕಾರ್ಡರಿನ ಪರದೆಯಲ್ಲಿ ಗುಳಿಗೆ ಆ ಕ್ಷಣಕ್ಕೆ ಎಲ್ಲಿದೆಯೆಂದು ನೋಡಬಹುದಿತ್ತು. ಎಂಟು ಗಂಟೆಯಲ್ಲಿ ಒಮ್ಮೆಯೂ ಯಾರೂ ನೋಡಲಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಒಂದು ಸಲ ನೋಡಿದ್ದರೆ, ಜಠರದ ದಪ್ಪ ಮಡಿಕೆಗಳು ಕಂಡು, ಮಾಡಲು ಕೆಲಸವಿದೆಯೆಂಬುದು ಆಗಲೇ ತಿಳಿಯುತ್ತಿತ್ತು.

ಹೀಗೆ ಬಿಡಿಸಿದ ಮೇಲೆ ನಮಗೆ ಸ್ಪಷ್ಟವಾದದ್ದು, ಈಕೆಯ ಸಣ್ಣ ಕರುಳು ನಿಧಾನವೆಂದು ಹೇಳಲು ಆಧಾರವೇ ಇಲ್ಲವೆಂಬುದು. ನಿಧಾನವಾದದ್ದು ಜಠರ. ಈ ವ್ಯತ್ಯಾಸ ಮುಂದಿನ ಪ್ರತಿಯೊಂದು ನಿರ್ಧಾರಕ್ಕೂ ಅಡಿಪಾಯವಾಯಿತು. ಗುಳಿಗೆ ಜಠರದಲ್ಲಿ ನಿಂತಿದ್ದರೆ ಅದನ್ನು ದಾಟಿಸುವ ದಾರಿಗಳಿವೆ. ಸಣ್ಣ ಕರುಳಿನಲ್ಲಿ ನಿಧಾನವಾಗಿದ್ದರೆ ಹೆಚ್ಚು ಬಾಳುವ ಬ್ಯಾಟರಿಯನ್ನು ಬಿಟ್ಟರೆ ಕೈಯಲ್ಲಿರುವ ಉಪಾಯ ಕಡಿಮೆ, ಜೊತೆಗೆ ಅಡ್ಡಿ ಇರಬಹುದೇ ಎಂದು ಅನುಮಾನಿಸಬೇಕು. ಎಲ್ಲಿ ತಡವಾಯಿತೆಂದು ಗುರುತಿಸದೆ ಅದೇ ಗುಳಿಗೆಯನ್ನು ಅದೇ ರೀತಿ ಮತ್ತೆ ಕೊಟ್ಟರೆ ಫಲಿತಾಂಶವೂ ಅದೇ ಆಗುವ ಸಂಭವ ಹೆಚ್ಚು.

ಮಗ ಕೇಳಿದ್ದು ಇದನ್ನೇ. ಗುಳಿಗೆ ಒಮ್ಮೆ ಬಳಸಿ ಬಿಡುವಂಥದ್ದು, ಹಾಗಾಗಿ ಪೂರ್ತಿ ಖರ್ಚನ್ನು ಮತ್ತೆ ಭರಿಸಬೇಕು. "ಮತ್ತೆ ನುಂಗೋದಾದ್ರೆ ಈ ಸಲ ಕೊನೆವರೆಗೂ ಹೋಗತ್ತೆ ಅಂತ ಖಾತ್ರಿ ಏನು ಡಾಕ್ಟ್ರೇ?" ಖಾತ್ರಿ ಕೊಡಲು ಬರುವುದಿಲ್ಲವೆಂದೂ, ಆದರೆ ಹಿಂದಿನ ಸಲ ಎಲ್ಲಿ ನಿಂತಿತು, ಏಕೆ ನಿಂತಿತು, ಈ ಸಲ ಏನನ್ನು ಬದಲಿಸುತ್ತೇವೆ ಎಂಬುದನ್ನು ಒಂದೊಂದಾಗಿ ತೋರಿಸುತ್ತೇವೆಂದೂ ಹೇಳಿ, ಮೊದಲ ಪರೀಕ್ಷೆಯ ಚಿತ್ರಗಳನ್ನು ತಾಯಿಮಗನ ಮುಂದೆಯೇ ತೆರೆದೆವು. ವರದಿಯ ಮಾತು ಬಿಟ್ಟುಹೋದದ್ದನ್ನೂ ಮುಚ್ಚಿಡಲಿಲ್ಲ.

ಎರಡನೆಯ ಪರೀಕ್ಷೆಯ ಸಿದ್ಧತೆ

ಮೊದಲು ತಿಳಿಯಬೇಕಿದ್ದದ್ದು ದಾರಿ ತೆರೆದಿದೆಯೇ ಎಂಬುದು. ಅನುಮಾನವಿರುವ ರೋಗಿಗಳಲ್ಲಿ ಲ್ಯಾಕ್ಟೋಸ್ ಮತ್ತು ಬೇರಿಯಂನಿಂದ ಮಾಡಿದ, ಕರುಳಿನಲ್ಲಿ ಸಿಕ್ಕಿಕೊಂಡರೆ ತಾನಾಗಿ ಕರಗುವ ಪೇಟೆನ್ಸಿ ಕ್ಯಾಪ್ಸೂಲನ್ನು ಮೊದಲು ನುಂಗಿಸುವುದುಂಟು. ಇಲ್ಲಿ ಅದರ ಅಗತ್ಯವಿಲ್ಲವೆಂದು ನಿರ್ಧರಿಸಿದೆವು, ಏಕೆಂದರೆ ಮೊದಲ ಗುಳಿಗೆಯೇ ಆ ಪರೀಕ್ಷೆಯನ್ನು ಮಾಡಿಕೊಟ್ಟಿತ್ತು: ನಾಲ್ಕನೆಯ ದಿನ ಅದು ಹೊರಬಂದದ್ದನ್ನು ಆಕೆ ಸ್ವತಃ ನೋಡಿದ್ದರು, ಈಗ ತೆಗೆದ ಹೊಟ್ಟೆಯ ಎಕ್ಸ್‌ರೇಯಲ್ಲೂ ಏನೂ ಇರಲಿಲ್ಲ. ನೋಡಿರದಿದ್ದರೆ ಎರಡು ವಾರಕ್ಕೆ ಎಕ್ಸ್‌ರೇ ತೆಗೆಯಲೇಬೇಕು, ಗುಳಿಗೆ ಹೊರಬಂದದ್ದು ಖಚಿತವಾಗುವವರೆಗೆ ಎಂಆರ್‌ಐ ಮಾಡಿಸಲೇಬಾರದು. ಇದನ್ನು ಪ್ರತಿ ರೋಗಿಯ ಕೈಗೂ ಬರೆದು ಕೊಡಬೇಕು.

ಪರೀಕ್ಷೆಗೆ ಏಳು ದಿನ ಮೊದಲು ಕಬ್ಬಿಣದ ಮಾತ್ರೆ ನಿಲ್ಲಿಸಿದೆವು. ಟ್ರಾಮಡಾಲನ್ನು ಹಂತವಾಗಿ ಇಳಿಸಿ ನಾಲ್ಕು ದಿನ ಮೊದಲು ಪೂರ್ತಿ ಬಿಡಿಸಿ ಪ್ಯಾರಾಸಿಟಮಾಲ್ ಕೊಟ್ಟೆವು. ಮಂಡಿಗೆ ಬಿಸಿ ಶಾಖ ಕೊಡುತ್ತ ಆಕೆ ಅದನ್ನು ಸಹಿಸಿಕೊಂಡರು. ಇನ್ಸುಲಿನ್ ಪ್ರಮಾಣ ಸರಿಪಡಿಸಿ, ಮುಂಜಾನೆಯ ಸಕ್ಕರೆ 180ರ ಒಳಗೆ ಬಂದ ಮೂರನೆಯ ದಿನವನ್ನು ಪರೀಕ್ಷೆಗೆ ಗೊತ್ತುಮಾಡಿದೆವು. ಹಿಂದಿನ ದಿನ ಮಧ್ಯಾಹ್ನದಿಂದ ಗಂಜಿ ತಿಳಿ, ಬೇಳೆಕಟ್ಟಿನ ತಿಳಿ, ಎಳನೀರು ಮಾತ್ರ. ಸಂಜೆ ಭೇದಿ ಮಾಡಿಸುವ ಪಾಲಿಎಥಿಲಿನ್ ಗ್ಲೈಕಾಲ್ ಪುಡಿ ಕದಡಿದ 2 ಲೀಟರ್ ನೀರನ್ನು ಎರಡು ತಾಸಿನಲ್ಲಿ ಕುಡಿಸಿದೆವು. ಬೆಳಿಗ್ಗೆ ಗುಳಿಗೆಗೆ ಅರ್ಧ ಗಂಟೆ ಮೊದಲು ನೊರೆ ಒಡೆಯುವ ಸಿಮೆಥಿಕೋನ್.

ಭೇದಿಯ ಔಷಧದ ಬಗ್ಗೆ ಒಂದು ಮಾತು ಇಲ್ಲಿ ಹೇಳಬೇಕು. ಅದು ಕರುಳನ್ನು ಸ್ವಚ್ಛಗೊಳಿಸಿ ನೋಟವನ್ನು ಸುಧಾರಿಸುತ್ತದೆಯೆಂಬುದಕ್ಕೆ ಆಧಾರವಿದೆ. ಗುಳಿಗೆ ಸೀಕಮ್ ತಲುಪುವ ಪ್ರಮಾಣವನ್ನು ಹೆಚ್ಚಿಸುತ್ತದೆಯೆಂಬುದಕ್ಕೆ ಅಂಥ ಆಧಾರ ಸಿಕ್ಕಿಲ್ಲ. ಪೂರ್ಣತೆಗಾಗಿ ಎರಡಕ್ಕೆ ಬದಲು ನಾಲ್ಕು ಲೀಟರ್ ಕುಡಿಸುವುದರಿಂದ ರೋಗಿಗೆ ಸಂಕಟವೇ ಹೊರತು ಲಾಭವಿಲ್ಲ. ಜಠರದ ಚಲನೆ ಹೆಚ್ಚಿಸುವ ಔಷಧಗಳ ವಿಷಯವೂ ಹೀಗೆಯೇ ಸೂಕ್ಷ್ಮ. ಮೆಟೋಕ್ಲೋಪ್ರಮೈಡ್ ಕೊಟ್ಟರೆ ಹೆಚ್ಚು ಪರೀಕ್ಷೆಗಳು ಪೂರ್ಣವಾಗುತ್ತವೆಂದು ಕೆಲವು ಅಧ್ಯಯನಗಳು ಹೇಳಿದರೆ ಬೇರೆಯವು ಅದನ್ನು ಒಪ್ಪುವುದಿಲ್ಲ, ಮತ್ತು ಯುರೋಪಿನ ಎಂಡೋಸ್ಕೋಪಿ ಸಂಘ 2018ರ ತನ್ನ ತಾಂತ್ರಿಕ ಶಿಫಾರಸಿನಲ್ಲಿ ಎಲ್ಲರಿಗೂ ವಾಡಿಕೆಯಂತೆ ಈ ಔಷಧ ಕೊಡುವುದನ್ನು ಬೆಂಬಲಿಸಲಿಲ್ಲ. ನನ್ನ ತಿಳಿವಳಿಕೆಯಲ್ಲಿ ಇದು ವಿರೋಧಾಭಾಸವೇನಲ್ಲ. ಹೆಚ್ಚಿನವರ ಜಠರ ಗುಳಿಗೆಯನ್ನು ತಾನಾಗಿಯೇ ಬೇಗ ಕಳಿಸುತ್ತದೆ, ಅವರಿಗೆ ಔಷಧದಿಂದ ಸೇರುವುದೇನೂ ಇಲ್ಲ. ನಿಜವಾಗಿ ತಡವಾದವರನ್ನು ಆ ಹೊತ್ತಿನಲ್ಲೇ ಗುರುತಿಸಿ ಅವರಿಗೆ ಮಾತ್ರ ಕೊಟ್ಟರೆ ಅದಕ್ಕೆ ಅರ್ಥವಿದೆ. ಗುರುತಿಸುವ ದಾರಿ ಒಂದೇ: ಮೊದಲ ಗಂಟೆಗೆ ಪರದೆ ನೋಡುವುದು.

ಗುಳಿಗೆಯೂ ಬದಲಾಯಿತು, ಈ ಸಲ 12 ಗಂಟೆಯವರೆಗೆ ಬಾಳುವ ಬ್ಯಾಟರಿಯದನ್ನು ಆರಿಸಿದೆವು.

ಪರೀಕ್ಷೆಯ ದಿನ

ಬೆಳಿಗ್ಗೆ 8:05ಕ್ಕೆ ಗುಳಿಗೆ ನುಂಗಿದರು. ಸಕ್ಕರೆ 152 ಇತ್ತು. ಮಲಗಬೇಡಿ ಅಮ್ಮ, ವರಾಂಡದಲ್ಲಿ ನಿಧಾನವಾಗಿ ಓಡಾಡುತ್ತಿರಿ ಎಂದೆವು. ಮಂಡಿನೋವಿದ್ದರೂ ಮಗನ ತೋಳು ಹಿಡಿದು ಹತ್ತು ನಿಮಿಷಕ್ಕೊಮ್ಮೆ ಎದ್ದು ನಡೆದರು.

9:05ಕ್ಕೆ ಪರದೆಯಲ್ಲಿ ಕಂಡದ್ದು ಜಠರವೇ. ಎರಡು ಔಷಧಗಳು ಎದುರಿಗಿದ್ದವು. ಎರಿತ್ರೋಮೈಸಿನ್ ಕಡಿಮೆ ಪ್ರಮಾಣದಲ್ಲಿ ಮೋಟಿಲಿನ್ ಹಾರ್ಮೋನಿನ ಗ್ರಾಹಕಗಳನ್ನು ಪ್ರಚೋದಿಸಿ ಜಠರವನ್ನು ಬಲವಾಗಿ ಸಂಕುಚಿಸುವಂತೆ ಮಾಡುತ್ತದೆ. ಆದರೆ ಅದು ಹೃದಯದ ಲಯಕ್ಕೆ ಸಂಬಂಧಿಸಿ ಎಚ್ಚರ ಬೇಕಾದ ಔಷಧ, ಆಕೆ ಕೊಲೆಸ್ಟ್ರಾಲ್ ಇಳಿಸಲೆಂದು ತೆಗೆದುಕೊಳ್ಳುತ್ತಿದ್ದ ಅಟೋರ್ವಾಸ್ಟಾಟಿನ್ ಮಾತ್ರೆಯೊಂದಿಗೂ ಹೊಂದುವುದಿಲ್ಲ. ಪಾರ್ಕಿನ್ಸನ್ ಕಾಯಿಲೆಯಾಗಲಿ ಫಿಟ್ಸ್ ಆಗಲಿ ಇಲ್ಲವೆಂದು ಖಚಿತಪಡಿಸಿಕೊಂಡು 10 ಮಿಲಿಗ್ರಾಂ ಮೆಟೋಕ್ಲೋಪ್ರಮೈಡನ್ನು ರಕ್ತನಾಳದ ಮೂಲಕ ನಿಧಾನವಾಗಿ ಕೊಟ್ಟೆವು. ಜಠರದ ಹೊರದ್ವಾರ ದೇಹದ ಬಲಬದಿಗಿರುವುದರಿಂದ ಅರ್ಧ ಗಂಟೆ ಬಲಮಗ್ಗುಲಾಗಿ ಮಲಗಿಸಿ, ಆಮೇಲೆ ಮತ್ತೆ ನಡೆಸಿದೆವು.

10:10ಕ್ಕೂ ಜಠರ. ಗುಳಿಗೆ ಹೊರದ್ವಾರದ ಬಳಿಗೆ ಬಂದು, ಅದರ ದುಂಡು ಬಾಯಿ ಪರದೆಯಲ್ಲಿ ಎರಡು ಬಾರಿ ಮೂಡಿ, ಅಲೆಯೊಂದಿಗೆ ಹಿಂದಕ್ಕೆ ಸರಿದುಹೋಗುವುದನ್ನು ನಾವೇ ನೋಡಿದೆವು.

ಇನ್ನು ಕಾಯುವುದೇ, ಎಂಡೋಸ್ಕೋಪ್ ಹಾಯಿಸಿ ಗುಳಿಗೆಯನ್ನು ಸಣ್ಣ ಕರುಳಿನ ಆರಂಭದ ಭಾಗವಾದ ಡ್ಯುಯೊಡಿನಮ್ಮಿಗೆ ದಾಟಿಸುವುದೇ ಎಂಬುದು ಈ ಪ್ರಕರಣದ ಅತಿ ಕಷ್ಟದ ನಿರ್ಧಾರ. ಕಾಯುವ ಪಕ್ಷದಲ್ಲೂ ವಾದವಿತ್ತು: ಹಿಂದಿನ ಸಲದಂತೆ 4 ಗಂಟೆ 52 ನಿಮಿಷಕ್ಕೆ ಹೊರಬಿದ್ದರೂ 12 ಗಂಟೆಯ ಬ್ಯಾಟರಿಯಲ್ಲಿ ಸಣ್ಣ ಕರುಳಿಗೆ ಏಳು ಗಂಟೆ ಉಳಿಯುತ್ತಿತ್ತು, ಬಹುಪಾಲು ಜನರಿಗೆ ಅದು ಸಾಕು. ಆದರೆ ಅಷ್ಟಕ್ಕೇ ಹೊರಬೀಳುತ್ತದೆಯೆಂದು ಯಾರೂ ಹೇಳಲಾರರು, ಕೆಲವೊಮ್ಮೆ ಗುಳಿಗೆ ಬ್ಯಾಟರಿ ಮುಗಿಯುವವರೆಗೂ ಜಠರದಲ್ಲೇ ಕುಳಿತಿರುತ್ತದೆ. ಎಂಡೋಸ್ಕೋಪಿಯ ಅಪಾಯವೂ ಇಲ್ಲದಿಲ್ಲ. ಜಠರ ನಿಧಾನವಾಗಿರುವ ರೋಗಿಗೆ ನಿದ್ರೆಯ ಔಷಧ ಕೊಟ್ಟರೆ ಒಳಗಿನ ದ್ರವ ಶ್ವಾಸಕೋಶಕ್ಕೆ ಇಳಿಯಬಹುದು. ಸೋಲಿನ ಖರ್ಚು ಈ ಮನೆಯವರ ಮೇಲೆ ಮೂರನೆಯ ಬಾರಿ ಬೀಳಬಾರದೆಂಬುದು ನನ್ನ ಮನಸ್ಸಿನಲ್ಲಿ ಭಾರವಾಗಿತ್ತೆಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಆಕೆಗೆ ಎಲ್ಲವನ್ನೂ ವಿವರಿಸಿದಾಗ, ಹಿಂದಿನ ಸಲವೂ ಎಚ್ಚರದಲ್ಲೇ ಎಂಡೋಸ್ಕೋಪಿ ಮಾಡಿಸಿಕೊಂಡಿದ್ದೆ, ಈಗಲೂ ಆದೀತು ಎಂದರು. ನಿದ್ರೆಯ ಔಷಧ ಬಿಟ್ಟು, ಗಂಟಲಿಗೆ ಮರಗಟ್ಟಿಸುವ ಲಿಗ್ನೊಕೇನ್ ಸಿಂಪಡಿಸಿ, ಎಡಮಗ್ಗುಲಾಗಿ ಮಲಗಿಸಿ, ಮೊದಲು ಜಠರದ ದ್ರವವನ್ನು ಹೀರಿ ತೆಗೆದೆವು. ಕತ್ತರಿಸಿದ ಪಾಲಿಪ್‌ಗಳನ್ನು ಹೊರತೆಗೆಯಲು ಬಳಸುವ ಬಲೆಯಲ್ಲಿ ಗುಳಿಗೆಯನ್ನು ಹಿಡಿದು, ಹೊರದ್ವಾರ ದಾಟಿಸಿ, ಡ್ಯುಯೊಡಿನಮ್ಮಿನ ಎರಡನೆಯ ಭಾಗದಲ್ಲಿ 10:44ಕ್ಕೆ ಬಿಟ್ಟೆವು. ಬಲೆಯಿಂದ ಗುಳಿಗೆ ಬಿಡಿಸಿಕೊಳ್ಳುವುದೇ ಈ ಕೆಲಸದ ನಾಜೂಕಿನ ಭಾಗ. ಡ್ಯುಯೊಡಿನಮ್ ಇಕ್ಕಟ್ಟಾದ್ದರಿಂದ ಬಲೆಯನ್ನು ಪೂರ್ತಿ ತೆರೆದು ಎಂಡೋಸ್ಕೋಪನ್ನು ಮೆಲ್ಲಗೆ ಅಲುಗಿಸುತ್ತ ಹಿಂದೆಳೆದುಕೊಳ್ಳಬೇಕು, ಒಳಪದರಕ್ಕೆ ತಾಗಿ ಗೀರು ಬಿದ್ದರೆ ಅದೇ ರಕ್ತದ ಕಲೆ ನಂತರ ಕಾಯಿಲೆಯಂತೆ ಕಾಣಬಹುದು. ಈ ಕಾರಣಕ್ಕೆ ಎಂಡೋಸ್ಕೋಪ್ ತಲುಪಿದ ಜಾಗದಲ್ಲಿ ಏನು ಕಂಡರೂ ಅನುಮಾನದಿಂದಲೇ ಓದಬೇಕೆಂದು ವರದಿಯಲ್ಲಿ ಮೊದಲೇ ಬರೆದುಕೊಂಡೆವು.

ಮುಂದೆ ಕಾಯುವುದಷ್ಟೇ ಉಳಿಯಿತು. ಸಂಜೆ 4:21ಕ್ಕೆ ಗುಳಿಗೆ ಸೀಕಮ್ ತಲುಪಿತು. ನುಂಗಿದ ಹೊತ್ತಿನಿಂದ 8 ಗಂಟೆ 16 ನಿಮಿಷ, ಸಣ್ಣ ಕರುಳನ್ನು ದಾಟಲು 5 ಗಂಟೆ 37 ನಿಮಿಷ.

ಕಂಡದ್ದು

ಡ್ಯುಯೊಡಿನಮ್ಮಿನಿಂದ ಹೊರಟ 3 ಗಂಟೆ 36 ನಿಮಿಷಕ್ಕೆ, ಅಂದರೆ ಸಣ್ಣ ಕರುಳಿನ ಪಯಣದ ಮೂರನೇ ಎರಡು ಭಾಗದ ಸನಿಹದಲ್ಲಿ, ಚೆರ್ರಿ ಕೆಂಪು ಬಣ್ಣದ, ಜೇಡರಬಲೆಯಂತೆ ಕವಲೊಡೆದ ರಕ್ತನಾಳಗಳ ಒಂದು ಗೊಂಚಲು ಕಂಡಿತು. ಹನ್ನೊಂದು ನಿಮಿಷದ ನಂತರ ಇನ್ನೊಂದು, ಅದರ ಅಂಚಿನಲ್ಲಿ ಹೆಪ್ಪುಗಟ್ಟಿದ ರಕ್ತದ ಚುಕ್ಕೆ. ಇವು ಆಂಜಿಯೊಎಕ್ಟೇಸಿಯಾಗಳು: ವಯಸ್ಸಾದವರ ಸಣ್ಣ ಕರುಳಿನ ರಕ್ತಸ್ರಾವಕ್ಕೆ ಸಾಮಾನ್ಯ ಕಾರಣವಾಗಿರುವ, ಒಳಪದರದಲ್ಲಿ ಹಿಗ್ಗಿದ ತೆಳುಗೋಡೆಯ ರಕ್ತನಾಳಗಳು. ಸಿಟಿ ಸ್ಕ್ಯಾನ್‌ನಲ್ಲಿ ಅವು ಕಾಣದಿರುವುದು ಸಹಜ.

ಮೊದಲ ಪರೀಕ್ಷೆಯಲ್ಲಿ ಸಣ್ಣ ಕರುಳಿನ ದಾಖಲೆ 3 ಗಂಟೆ 22 ನಿಮಿಷಕ್ಕೆ ನಿಂತಿತ್ತು. ಎರಡೂ ದಿನ ಕರುಳು ಒಂದೇ ವೇಗದಲ್ಲಿ ತಳ್ಳಿತೆಂದು ಹೇಳಲಾಗದ ಕಾರಣ ಈ ಎರಡು ಗಡಿಯಾರಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಆದರೂ ಆ ಅಂತರ 14 ನಿಮಿಷ ಎಂಬುದನ್ನು ಬರೆಯದೆ ಇರಲಾರೆ. ಮೊದಲ ದಿನ ಸಕ್ಕರೆಯನ್ನು ಇಳಿಸಿ, ಒಂದು ಗಂಟೆಗೆ ಪರದೆ ನೋಡಿ, ಜಠರದಲ್ಲಿ ಕಳೆದ ಸಮಯದ ಅರ್ಧವನ್ನು ಉಳಿಸಿದ್ದರೂ, ಹಳೆಯ ಬ್ಯಾಟರಿಯಲ್ಲೇ ಈ ಎರಡೂ ಗೊಂಚಲುಗಳನ್ನು ಗುಳಿಗೆ ಹಾದುಹೋಗಿರುವ ಸಂಭವವಿತ್ತು.

ಯಾವ ಬದಲಾವಣೆ ಎಷ್ಟು ನೆರವಾಯಿತೆಂದು ಒಬ್ಬ ರೋಗಿಯಿಂದ ಬೇರ್ಪಡಿಸಿ ಹೇಳಲು ಬರುವುದಿಲ್ಲ. ಟ್ರಾಮಡಾಲ್ ಬಿಡಿಸಿದ್ದು, ಸಕ್ಕರೆ ಇಳಿಸಿದ್ದು ಮತ್ತು ಮೆಟೋಕ್ಲೋಪ್ರಮೈಡ್ ಕೂಡಿಯೂ ಜಠರದ ಬಾಗಿಲು ತೆರೆಯಲಿಲ್ಲ ಎಂಬುದು ಮಾತ್ರ ನಿಚ್ಚಳ. ದೊಡ್ಡ ಬ್ಯಾಟರಿಗೆ ಹೆಚ್ಚು ಹೊಗಳಿಕೆ ಸಲ್ಲುತ್ತದೆಯೆಂದು ಹೊರನೋಟಕ್ಕೆ ಅನಿಸಬಹುದು. ಆದರೆ 8 ಗಂಟೆ 16 ನಿಮಿಷಕ್ಕೆ ಸೀಕಮ್ ಸಿಕ್ಕಿರುವಾಗ ಅದು ನಮಗೆ ಕೊಟ್ಟದ್ದು ಕೊನೆಯ ಕೆಲವು ನಿಮಿಷಗಳನ್ನು ಮತ್ತು ನಿರ್ಧಾರ ತೆಗೆದುಕೊಳ್ಳುವಾಗಿನ ನಿರಾಳವನ್ನು. ಗುಳಿಗೆಯನ್ನು ಕೈಯಾರೆ ದಾಟಿಸಿದ್ದೇ ಇಲ್ಲಿ ನಿರ್ಣಾಯಕವೆಂದು ನಾನು ನಂಬುತ್ತೇನೆ, ಮತ್ತು ಅದು ಸಾಧ್ಯವಾದದ್ದು 9:05ಕ್ಕೂ 10:10ಕ್ಕೂ ಪರದೆ ನೋಡಿದ್ದರಿಂದ. ಸ್ವಚ್ಛತೆಯ ಲಾಭ ಬೇರೆ ಬಗೆಯದು: ಎರಡನೆಯ ಗೊಂಚಲಿನ ಅಂಚಿನ ಆ ಚಿಕ್ಕ ಚುಕ್ಕೆ, ಮೊದಲ ಸಲದ ಹಸಿರುಕಪ್ಪು ದ್ರವದಲ್ಲಿ ಕಾಣುತ್ತಿರಲಿಲ್ಲ.

ಚಿಕಿತ್ಸೆ ಮತ್ತು ನಂತರದ ದಿನಗಳು

ಗೊಂಚಲುಗಳ ಸ್ಥಾನ ಸಣ್ಣ ಕರುಳಿನ ಕೊನೆಯ ಭಾಗದ ಕಡೆಗಿದ್ದುದರಿಂದ ಬಾಯಿಯ ಬದಲು ಗುದದ್ವಾರದ ಮೂಲಕ ಬಲೂನ್ ಎಂಟರೋಸ್ಕೋಪಿ (ಬಲೂನಿನ ನೆರವಿನಿಂದ ಸಣ್ಣ ಕರುಳಿನ ಆಳಕ್ಕೆ ಹೋಗುವ ಎಂಡೋಸ್ಕೋಪಿ) ಮಾಡಬೇಕೆಂದು ಸೂಚಿಸಿ, ಆ ಸೌಲಭ್ಯವಿರುವ ಬೆಂಗಳೂರಿನ ಕೇಂದ್ರವೊಂದಕ್ಕೆ ಕಳಿಸಿದೆವು. ಪೂರ್ಣಗೊಂಡ ಪರೀಕ್ಷೆಯ ಇನ್ನೊಂದು ಉಪಯೋಗ ಇಲ್ಲಿದೆ. ಆರಂಭ ಮತ್ತು ಅಂತ್ಯ ಎರಡೂ ಗೊತ್ತಿದ್ದರೆ ಮಾತ್ರ ರಕ್ತದ ಮೂಲ ಪಯಣದ ಎಷ್ಟನೆಯ ಭಾಗದಲ್ಲಿದೆಯೆಂದು ಲೆಕ್ಕ ಹಾಕಬಹುದು, ಯಾವ ತುದಿಯಿಂದ ಹೋಗಬೇಕೆಂದು ಹೇಳಬಹುದು. ಅಲ್ಲಿ ಎರಡೂ ಗೊಂಚಲುಗಳನ್ನು ಗುರುತಿಸಿ ಆರ್ಗಾನ್ ಪ್ಲಾಸ್ಮಾದಿಂದ, ಅಂದರೆ ವಿದ್ಯುತ್ ಹರಿಯುವ ಆರ್ಗಾನ್ ಅನಿಲದಿಂದ, ಸುಟ್ಟರು. ಅವುಗಳ ಹತ್ತಿರವೇ, ನಮ್ಮ ಗುಳಿಗೆಯ ಚಿತ್ರಗಳಲ್ಲಿ ಕಾಣದ ಮೂರನೆಯ ಚಿಕ್ಕದೊಂದು ಸಿಕ್ಕಿತು. ಸೀಕಮ್ ತಲುಪಿದ ಮಾತ್ರಕ್ಕೆ ಕರುಳಿನ ಇಂಚಿಂಚೂ ಕಂಡಿತೆಂದಲ್ಲ; ಕ್ಯಾಮೆರಾ ಒಂದು ಮಡಿಕೆಯನ್ನು ನೋಡುವಾಗ ಎದುರಿನ ಮಡಿಕೆಗೆ ಬೆನ್ನು ಹಾಕಿರುತ್ತದೆ.

ನಮ್ಮ ವಿಭಾಗದಲ್ಲಿ ಬದಲಾದದ್ದು ಹೆಚ್ಚಲ್ಲ. ಕ್ಯಾಪ್ಸೂಲಿನ ಕೋರಿಕೆ ಪತ್ರದಲ್ಲಿ ಊಟದ ನಂತರದ ಹೊಟ್ಟೆಭಾರ, ನೋವಿನ ಮಾತ್ರೆ, ಸಕ್ಕರೆ ಕಾಯಿಲೆಯ ಚುಚ್ಚುಮದ್ದು, ಹಿಂದಿನ ಹೊಟ್ಟೆ ಶಸ್ತ್ರಚಿಕಿತ್ಸೆ ಇವುಗಳ ಪ್ರಶ್ನೆಗಳಿವೆ. ದಾದಿಯರ ದಾಖಲೆ ಹಾಳೆಯಲ್ಲಿ ಒಂದನೇ ಮತ್ತು ಎರಡನೇ ಗಂಟೆಗೆ ಗುಳಿಗೆ ಎಲ್ಲಿದೆಯೆಂದು ಬರೆಯುವ ಸಾಲಿದೆ, ಜಠರದಲ್ಲಿದ್ದರೆ ಯಾರಿಗೆ ಕರೆ ಮಾಡಬೇಕೆಂಬುದೂ ಇದೆ. ತುರ್ತಿಲ್ಲದ ಪರೀಕ್ಷೆಯನ್ನು ಸಕ್ಕರೆ ಹತೋಟಿಗೆ ಬರುವವರೆಗೆ ಮುಂದೂಡುತ್ತೇವೆ. ರಕ್ತ ಹರಿಯುತ್ತಲೇ ಇದ್ದರೆ ಕಾಯುವುದಿಲ್ಲ, ಆಗ ಪರದೆಯ ಮೇಲಿನ ನಿಗಾ ಇನ್ನೂ ಹೆಚ್ಚು ಬೇಕಾಗುತ್ತದೆ. ಅಪೂರ್ಣ ಪರೀಕ್ಷೆಯ ವರದಿಯಲ್ಲಿ "ಅಪೂರ್ಣ" ಎಂಬುದು ಈಗ ಮೊದಲ ಪದ, ಬಿಡುಗಡೆಯ ಪತ್ರಕ್ಕೆ ಆ ಸಾಲನ್ನು ಅಕ್ಷರಶಃ ಇಳಿಸಬೇಕೆಂಬುದು ನಿಯಮ.

ಎಂಟು ತಿಂಗಳ ನಂತರ ಆಕೆಯ ಹಿಮೋಗ್ಲೋಬಿನ್ 11.6 ಇದೆ, ರಕ್ತ ಕೊಡುವ ಅಗತ್ಯ ಮತ್ತೆ ಬಂದಿಲ್ಲ. ಟ್ರಾಮಡಾಲಿಗೆ ಅವರು ಮರಳಲಿಲ್ಲ. ಸುಟ್ಟ ನಂತರವೂ ಆಂಜಿಯೊಎಕ್ಟೇಸಿಯಾಗಳು ಮತ್ತೆ ಹುಟ್ಟುವುದು, ಮತ್ತೆ ರಕ್ತ ಸೋರುವುದು ಸಾಮಾನ್ಯವಾದ್ದರಿಂದ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸುತ್ತಿದ್ದಾರೆ. ಹಿಮೋಗ್ಲೋಬಿನ್ ಮತ್ತೆ ಕುಸಿದರೆ ಇನ್ನೊಂದು ಕ್ಯಾಪ್ಸೂಲ್ ಬೇಕಾಗಬಹುದು. ಆ ದಿನ ಕರ್ತವ್ಯದಲ್ಲಿ ಯಾರಿದ್ದರೂ ತಿಳಿಯಲೆಂದು, ಆಕೆಯ ಕಡತದ ಮೊದಲ ಪುಟದಲ್ಲಿ "ಜಠರ ನಿಧಾನ, ಒಂದನೇ ಗಂಟೆಗೆ ಪರದೆ ನೋಡಿ, ಎಂಡೋಸ್ಕೋಪಿನಿಂದ ದಾಟಿಸಲು ಸಿದ್ಧವಿರಿ" ಎಂದು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇವೆ.